ಒಂದೇ ಹಲಗೆಯ ಮೇಲೆ ಬಂದರು ಧಕ್ಕೆ: ಪುಟ್ಟ ಮಾದರಿ ರೈಲು ಲೇಔಟ್ ಕಟ್ಟುವ ಬಗೆ

ಮಾದರಿ ರೈಲು ಅಂದ ಕೂಡಲೇ ಕೋಣೆ ತುಂಬ ಸುತ್ತುವ ಹಳಿ ಕಣ್ಣ ಮುಂದೆ ಬರುತ್ತದೆ. ಅಷ್ಟು ಜಾಗ ಎಲ್ಲಿದೆ ಅಂತ ಆಸೆಯನ್ನೇ ಬಿಟ್ಟವರು ಬಹಳ. ಆದರೆ 1200 ಮಿ.ಮೀ. ಉದ್ದ, 350 ಮಿ.ಮೀ. ಅಗಲದ ಒಂದು ಹಲಗೆ ಸಿಕ್ಕರೆ ಬಂದರಿನ ಧಕ್ಕೆ ಕಟ್ಟಬಹುದು. ಕಪಾಟಿನ ಮೇಲೆ ಕೂರುತ್ತದೆ, ಒಬ್ಬರೇ ಎತ್ತಿಡಬಹುದು.

ಧಕ್ಕೆಯೇ ಯಾಕೆ? ನಿಜವಾದ ಧಕ್ಕೆಗಳೂ ಇಕ್ಕಟ್ಟಾಗಿಯೇ ಇದ್ದವು. ಒಂದು ಕಡೆ ನೀರು, ಇನ್ನೊಂದು ಕಡೆ ಗೋದಾಮು, ನಡುವೆ ಎರಡು ಮೂರು ಹಳಿ. ಗಿಡ್ಡ ಇಂಜಿನ್, ಗಿಡ್ಡ ವ್ಯಾಗನ್, ನಡಿಗೆಯ ವೇಗ. ಇಂಗ್ಲೆಂಡಿನ ವೇಮೌತ್‌ನಲ್ಲಿ 1865ರಲ್ಲಿ ಶುರುವಾದ ಬಂದರು ಹಳಿ ರಸ್ತೆಯ ಮೇಲೇ ಹಾದು ಹೋಗುತ್ತಿತ್ತು. ರೈಲ್ವೆಯವರು ಮುಂದೆ ಮುಂದೆ ನಡೆದು ದಾರಿ ಬಿಡಿಸುತ್ತಿದ್ದರು, ಹಿಂದೆ ಇಡೀ ಪ್ರಯಾಣಿಕರ ರೈಲು ತೆವಳಿಕೊಂಡು ಬರುತ್ತಿತ್ತು. ಕೊನೆಯ ರೈಲು ಹೋದದ್ದು 1999ರಲ್ಲಿ. ಬೇರೆ ಲೇಔಟ್‌ಗಳಲ್ಲಿ ಜಾಗ ಸಾಲದ್ದಕ್ಕೆ ನಿಜದಿಂದ ದೂರ ಹೋಗಬೇಕಾಗುತ್ತದೆ. ಇಲ್ಲಿ ಇಕ್ಕಟ್ಟೇ ನಿಜ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಧಕ್ಕೆಯಲ್ಲಿ ಹಳಿ ಹಾಸುಗಲ್ಲಿನೊಳಗೆ ಹೂತಿರುತ್ತದೆ. ಬೇರೆ ಲೇಔಟ್‌ನಲ್ಲಿ ಹಳಿ ಕೈಕೊಟ್ಟರೆ ಜಲ್ಲಿ ಕೆರೆದು ಸರಿ ಮಾಡಬಹುದು. ಇಲ್ಲಿ ಆಗಲ್ಲ. ಹೂತ ಮೇಲೆ ಹೂತಿತು. ಹಾಗಾಗಿ ಯಾವುದರ ನಂತರ ಯಾವುದು ಅನ್ನುವ ಕ್ರಮವನ್ನು ಮಾತ್ರ ತಪ್ಪಿಸಬೇಡಿ.

ಮೊದಲು ಕಾಗದ

ನಾನು ಇಲ್ಲಿ ಕೊಡುವ ಅಳತೆಗಳೆಲ್ಲ ಡಬಲ್ ಓ ಸ್ಕೇಲ್‌ನವು. ಅಂದರೆ ನಿಜದ 1 ಅಡಿಗೆ ಮಾದರಿಯಲ್ಲಿ 4 ಮಿ.ಮೀ., ಹಳಿಯ ಅಗಲ (ಎರಡು ಕಂಬಿಗಳ ನಡುವಿನ ಅಂತರ) 16.5 ಮಿ.ಮೀ. ಎಚ್ಓ ಸ್ಕೇಲ್ (1:87) ಮಾಡುವವರಿಗೂ ಹಳಿ ಅದೇ, ಕಟ್ಟಡ ಮತ್ತು ದೋಣಿ ಸ್ವಲ್ಪ ಚಿಕ್ಕದು. ಎನ್ ಸ್ಕೇಲ್‌ನಲ್ಲಿ ಇದೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಹೂತ ಹಳಿಯ ಕೆಲಸ ಅಷ್ಟು ಸಣ್ಣದರಲ್ಲಿ ಕಷ್ಟ, ಮೊದಲ ಸಲಕ್ಕೆ ಬೇಡ.

ಹಳಿಯ ನಕ್ಷೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ರಿಟನ್ನಿನ ಅಲನ್ ರೈಟ್ ಎಂಬ ಹವ್ಯಾಸಿ ರೂಪಿಸಿದ ‘ಇಂಗಲ್‌ನೂಕ್’ ಎಂಬ ನಕ್ಷೆ ಇದೆ. ಎರಡೇ ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಹಳಿ). ಉದ್ದದ್ದರಲ್ಲಿ 5 ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ತಲಾ 3. ಇನ್ನೊಂದು ತುದಿಯಲ್ಲಿ ಇಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಒಂದು ಇಂಜಿನ್ ಜೊತೆ 3 ವ್ಯಾಗನ್ ಹಿಡಿದರೆ ಸಾಕು. ಅದಕ್ಕಿಂತ ಜಾಸ್ತಿ ಹಿಡಿಯಲೂಬಾರದು, ಕೊನೆಗೆ ಹೇಳುವ ವ್ಯಾಗನ್ ಜೋಡಿಸುವ ಆಟ ಕೆಡುತ್ತದೆ.

ಲೆಕ್ಕ ಹೀಗೆ. ಹಳೆಯ ಬ್ರಿಟಿಷ್ ನಾಲ್ಕು ಗಾಲಿಯ ವ್ಯಾಗನ್ ಕೊಂಡಿ ಸೇರಿ ಸುಮಾರು 85 ಮಿ.ಮೀ. ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವ ಗಿಡ್ಡ ಶಂಟಿಂಗ್ ಇಂಜಿನ್ ಸುಮಾರು 110. ಅಲ್ಲಿಗೆ ಎಡತುದಿಯ ಹಳಿಗೆ 110 ಮತ್ತು ಮೂರು 85, ಅಂದರೆ 365. ಅದನ್ನು 380 ಮಾಡಿ. ಪೆಕೊ ಕಂಪನಿಯ ಚಿಕ್ಕ ತ್ರಿಜ್ಯದ ಪಾಯಿಂಟ್ ಒಂದಕ್ಕೆ 185. ಎರಡು ಪಾಯಿಂಟ್ ಒಂದರ ಹಿಂದೆ ಒಂದು ಬಂದರೆ 370. ಆಮೇಲೆ 3 ವ್ಯಾಗನ್‌ಗೆ 255, ಪಕ್ಕದ ಹಳಿಯ ವ್ಯಾಗನ್‌ಗೆ ತಾಗದಂತೆ ಬಿಡುವ ಜಾಗ ಮತ್ತು ತುದಿಯ ತಡೆಗೆ ಸುಮಾರು 100. ಒಟ್ಟು 1105. ಉದ್ದದ ಸೈಡಿಂಗ್ ಮೊದಲ ಪಾಯಿಂಟ್‌ನಿಂದಲೇ ಕವಲೊಡೆಯುವುದರಿಂದ ಅದೂ ಇಷ್ಟರಲ್ಲೇ ಮುಗಿಯುತ್ತದೆ. 1200ರಲ್ಲಿ ಉಸಿರಾಡಲು ಸ್ವಲ್ಪ ಉಳಿಯಿತು.

ನಿಮ್ಮ ವ್ಯಾಗನ್, ನಿಮ್ಮ ಇಂಜಿನ್ ಅಳೆದೇ ಈ ಲೆಕ್ಕ ಮಾಡಿ. ನನ್ನ ಅಂಕಿ ನಂಬಿಕೊಂಡು ಹಲಗೆ ಕೊಯ್ಯಬೇಡಿ.

ಈಗ ಅಗಲ. ಹಿಂದಿನಿಂದ ಮುಂದಕ್ಕೆ ಬನ್ನಿ: ಗೋದಾಮಿಗೆ 60 ಮಿ.ಮೀ., ಗೋಡೆಯಿಂದ ಮೊದಲ ಹಳಿಯ ನಡುಗೆರೆಗೆ 30, ಮೂರು ಹಳಿಗಳ ನಡುವೆ 51ರಂತೆ 102, ಕೊನೆಯ ಹಳಿಯಿಂದ ಧಕ್ಕೆಯ ಅಂಚಿಗೆ 40, ನೀರಿಗೆ 110. ಒಟ್ಟು 342.

ನೀರು ಹಲಗೆಯ ಉದ್ದಕ್ಕೂ ಬೇಡ. ಬಲಗಡೆಯ ಅರ್ಧಕ್ಕೆ ಮಾತ್ರ ಇರಲಿ, ಎಡಗಡೆ ಕಟ್ಟೆಯೇ ಮುಂದಿನ ಅಂಚಿನ ತನಕ ಬರಲಿ. ಇದರಿಂದ ಎರಡು ಲಾಭ. ಧಕ್ಕೆಗೆ ಒಂದು ಮೂಲೆ ಸಿಗುತ್ತದೆ, ನೇರ ಗೆರೆಗಿಂತ ಅದು ಎಷ್ಟೋ ಚೆಂದ. ಎರಡನೆಯದು, ಪಾಯಿಂಟ್‌ಗಳು ತಿರುಗುವ ಜಾಗ ಎರಡೂ ಎಡ ಅರ್ಧದಲ್ಲೇ ಬರುತ್ತವೆ. ಅವನ್ನು ಎಳೆಯುವ ಕಡ್ಡಿಯನ್ನು ನೀರು ದಾಟಿಸದೆ ನೇರ ಮುಂದಕ್ಕೆ ತರಬಹುದು.

ಎಲ್ಲವನ್ನೂ ಪೂರ್ಣ ಅಳತೆಯ ಕಾಗದದ ಮೇಲೆ ಬರೆದು ನೆಲಕ್ಕೆ ಹಾಸಿ, ವ್ಯಾಗನ್‌ಗಳನ್ನು ಇಟ್ಟು ನೋಡಿ. ಗೋದಾಮಿನ ಜಾಗದಲ್ಲಿ ಖಾಲಿ ರಟ್ಟಿನ ಡಬ್ಬ ನಿಲ್ಲಿಸಿ. ಹಳಿಗಳನ್ನು ಹಲಗೆಯ ಅಂಚಿಗೆ ಸಮಾನಾಂತರ ಇಡದೆ ಚೂರೇ ಚೂರು ಓರೆ ಮಾಡಿ. ಒಂದು ತುದಿಯಲ್ಲಿ 15 ಮಿ.ಮೀ. ಸರಿಸಿದರೂ ಸಾಕು, ಕಪಾಟಿನ ಹಲಗೆ ಅನ್ನುವ ಭಾವನೆ ಹೋಗಿಬಿಡುತ್ತದೆ.

ಹಲಗೆ ಮತ್ತು ಎತ್ತರ

ನೀರಿಗಾಗಿ ಹಲಗೆಯಲ್ಲಿ ಗುಂಡಿ ತೋಡಲು ಹೋಗಬೇಡಿ. ತಳದ ಹಲಗೆಯೇ ನೀರಿನ ಮಟ್ಟ. ಅದರ ಮೇಲೆ ಧಕ್ಕೆಯನ್ನು ಎತ್ತರಿಸಿ.

ತಳಕ್ಕೆ 9 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ಸುತ್ತ ಚೌಕಟ್ಟು. ಧಕ್ಕೆ ಬರುವ ಜಾಗಕ್ಕೆ 50 ಮಿ.ಮೀ. ದಪ್ಪದ ಗಟ್ಟಿ ಇನ್ಸುಲೇಶನ್ ಫೋಮ್. ಮುಟ್ಟಿದರೆ ಮಣಿಮಣಿಯಾಗಿ ಉದುರುವ ಥರ್ಮೋಕೋಲ್ ಬೇಡ. ಅದರ ಮೇಲೆ 6 ಮಿ.ಮೀ. ಪ್ಲೈ, ಯಾಕೆಂದರೆ ಫೋಮ್ ಮೊಳೆಯನ್ನೂ ಹಿಡಿಯಲ್ಲ, ಕಡ್ಡಿಯನ್ನೂ ಹಿಡಿಯಲ್ಲ. ಮೇಲೆ ಹಳಿಯ ದಪ್ಪ ಸೇರಿದರೆ ನೀರಿನಿಂದ ಕಟ್ಟೆಯ ಮೇಲ್ಮೈಗೆ ಸುಮಾರು 60 ಮಿ.ಮೀ. ನಿಜದ ಅಳತೆಯಲ್ಲಿ 15 ಅಡಿ. ನೀರು ಇಳಿದ ಹೊತ್ತಿನ ಧಕ್ಕೆಗೆ ಹೇಳಿ ಮಾಡಿಸಿದ ಎತ್ತರ.

ಹಳಿ, ವೈರು, ಮತ್ತೆ ಪರೀಕ್ಷೆ

ಗಿಡ್ಡ ಇಂಜಿನ್‌ಗೆ ನಾಲ್ಕೇ ಗಾಲಿ. ಪಾಯಿಂಟ್‌ನಲ್ಲಿ ಎರಡು ಹಳಿ ಅಡ್ಡ ಹಾಯುವ ಮೂಗಿಗೆ ಫ್ರಾಗ್ ಅನ್ನುತ್ತಾರೆ. ಅದು ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಕರೆಂಟ್ ಇಲ್ಲ. ನಿಧಾನ ಹೋಗುವ ಇಂಜಿನ್ ಸರಿಯಾಗಿ ಅಲ್ಲೇ ಬಂದು ನಿಂತುಬಿಡುತ್ತದೆ. ಹಾಗಾಗಿ ಕರೆಂಟ್ ಹರಿಯುವ ಲೋಹದ ಫ್ರಾಗ್ ಇರುವ ಪಾಯಿಂಟ್ ಕೊಳ್ಳಿ. ಇದರಲ್ಲಿ ಮಾತ್ರ ಹಣ ಉಳಿಸಬೇಡಿ.

ಅಂಥ ಪಾಯಿಂಟ್‌ಗೆ ಒಂದು ಶಿಸ್ತು ಬೇಕು. ಫ್ರಾಗ್‌ನಿಂದ ಹೊರಡುವ ಎರಡೂ ಒಳಹಳಿಗಳ ತುದಿಗೆ ಪ್ಲಾಸ್ಟಿಕ್ ಜೋಡಕ ಹಾಕಿ. ಆಚೆಗಿನ ಪ್ರತಿ ಹಳಿ ತುಂಡಿಗೂ ಅದರದೇ ಎರಡು ವೈರ್ ಬೆಸೆಯಿರಿ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಅದಕ್ಕೆ ತಕ್ಕಂತೆ ಫ್ರಾಗ್‌ನ ಕರೆಂಟೂ ಬದಲಾಗಬೇಕು.

ಇದಕ್ಕೆ ದುಬಾರಿ ಮೋಟಾರ್ ಏನೂ ಬೇಡ. ಒಂದು ಸಾದಾ ಸ್ಲೈಡ್ ಸ್ವಿಚ್ ಸಾಕು. ಹಲಗೆಯ ಮುಂದಿನ ಅಂಚಿಗೆ ಅದನ್ನು ಕೂರಿಸಿ. ಅದರ ಗುಂಡಿಗೆ ತೂತು ಕೊರೆದು 0.8 ಮಿ.ಮೀ. ಉಕ್ಕಿನ ತಂತಿ ಸಿಕ್ಕಿಸಿ. ಪ್ಲೈ ಮೇಲೆ ಒಂದು ಗೀರು ತೋಡಿ, ಸಣ್ಣ ಹಿತ್ತಾಳೆ ಕೊಳವೆ ಕೂರಿಸಿ, ತಂತಿಯನ್ನು ಅದರೊಳಗಿಂದ ಪಾಯಿಂಟ್‌ನ ಚಲಿಸುವ ಹಳಿಗಳನ್ನು ಜೋಡಿಸುವ ಅಡ್ಡಪಟ್ಟಿಗೆ ತಲುಪಿಸಿ. ಸ್ವಿಚ್ ತಳ್ಳಿದರೆ ಪಾಯಿಂಟ್ ತಿರುಗುತ್ತದೆ, ಅದೇ ಸ್ವಿಚ್ಚಿನ ಒಳಗಿನ ಸಂಪರ್ಕ ಫ್ರಾಗ್‌ನ ಕರೆಂಟ್ ಬದಲಿಸುತ್ತದೆ. ಸ್ವಿಚ್ ಸರಿಯುವ ದೂರ ಪಾಯಿಂಟ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಅದನ್ನು ನುಂಗಲು ಕೊಳವೆಯ ಹೊರಗೆ ತಂತಿಯನ್ನು ಒಂದು ಕಡೆ ಯು ಆಕಾರಕ್ಕೆ ಬಗ್ಗಿಸಿ, ಸ್ಪ್ರಿಂಗ್ ಥರ ಕೆಲಸ ಮಾಡುತ್ತದೆ.

ವ್ಯಾಗನ್ ಬಿಡಿಸಲು ಆಯಸ್ಕಾಂತದ ಕೊಂಡಿ ಬಳಸುವವರಿದ್ದರೆ ಆಯಸ್ಕಾಂತವನ್ನು ಸ್ಲೀಪರ್‌ಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುವೆ ಈಗಲೇ ಹೂಳಬೇಕು. ಹೂಳುವ ಮುಂಚೆ ಅದರ ಮೇಲೆ ವ್ಯಾಗನ್ ಬಿಟ್ಟು ನೋಡಿ. ಗಾಲಿಯ ಅಚ್ಚು ಉಕ್ಕಿನದಾಗಿದ್ದರೆ ವ್ಯಾಗನ್ ತಾನಾಗಿಯೇ ಸರಿದು ಆಯಸ್ಕಾಂತದ ಮೇಲೆ ಬಂದು ಕೂರುತ್ತದೆ. ನೋಡಲು ಮಜಾ, ಶಂಟಿಂಗ್‌ಗೆ ಶತ್ರು. ಹಿತ್ತಾಳೆ ಅಚ್ಚು ಹಾಕಿ, ಇಲ್ಲವೇ ಕಡಿಮೆ ಶಕ್ತಿಯ ಆಯಸ್ಕಾಂತ ಹಾಕಿ. ಹಾಗೇ ಹಗುರ ವ್ಯಾಗನ್‌ಗಳಿಗೆ ತೂಕ ಸೇರಿಸಿ. ಒಂದು ಅಚ್ಚಿಗೆ 25 ಗ್ರಾಂ, ಅಂದರೆ ನಾಲ್ಕು ಗಾಲಿಯ ವ್ಯಾಗನ್‌ಗೆ 50 ಗ್ರಾಂ ಇದ್ದರೆ ಪಾಯಿಂಟ್ ಮೇಲೆ ಕುಣಿಯುವುದಿಲ್ಲ.

ಈಗ ಕೈ ಕಟ್ಟಿಕೊಂಡು ಒಂದು ವಾರ ಸುಮ್ನೆ ಆಟ ಆಡಿ. ನಿಮ್ಮ ಹತ್ತಿರ ಇರುವ ಪ್ರತಿ ವ್ಯಾಗನ್ನನ್ನೂ ಪ್ರತಿ ಸೈಡಿಂಗ್‌ಗೂ ನೂಕಿ ನೋಡಿ. ಎಳೆಯುವುದಲ್ಲ, ನೂಕುವುದು. ತಪ್ಪೆಲ್ಲ ಹೊರಬರುವುದು ನೂಕುವಾಗಲೇ.

ನನ್ನ ಮೊದಲ ಧಕ್ಕೆಯಲ್ಲಿ ಎರಡು ದಿನ ಓಡಿಸಿ ‘ಸಾಕು’ ಅಂದುಕೊಂಡು ಕಲ್ಲು ಹಾಸಿದೆ. ಮೂರು ವಾರಕ್ಕೆ ಫ್ರಾಗ್‌ನ ಒಂದು ಬೆಸುಗೆ ಬಿಟ್ಟುಕೊಂಡಿತು. ವೈರ್ ಮುಟ್ಟಲು ಒಂದು ಗೇಣು ಹಾಸುಗಲ್ಲನ್ನು ಉಳಿಯಿಂದ ಕಿತ್ತೆ. ಮತ್ತೆ ತುಂಬಿದ ಜಾಗದ ಬಣ್ಣ ಹಳೆಯದಕ್ಕೆ ಹೊಂದಲೇ ಇಲ್ಲ. ಕೊನೆಗೆ ಅದರ ಮೇಲೆ ಪೀಪಾಯಿಗಳ ರಾಶಿ ಹಾಕಿ ಮುಚ್ಚಿದೆ. ಬಂದವರು ಅದನ್ನೇ ಮೆಚ್ಚುತ್ತಾರೆ, ಏನು ಹೇಳೋಣ!

ಹಳಿ ಹೂಳುವುದು

ಹೊತ್ತು ಹಿಡಿಯುವ ಕೆಲಸ ಇದೇ. ಬೇಕಾದ ಸಾಮಾನು ಕಡಿಮೆ: ಗಾಳಿಗೆ ಒಣಗುವ ಕ್ಲೇ, ಮರಕ್ಕೆ ಬಳಸುವ ಬಿಳಿ ಗೋಂದು, 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಪಟ್ಟಿ, ಹಳೆಯ ಸೂಜಿ, 240 ನಂಬರಿನ ಸ್ಯಾಂಡ್‌ಪೇಪರ್.

ರೈಲುಗಾಲಿಯ ಒಳಅಂಚು ಹಳಿಯ ಮೇಲ್ಮೈಗಿಂತ ಕೆಳಗೆ ಇಳಿದಿರುತ್ತದೆ ಅಲ್ವಾ? ಆ ಅಂಚು ಓಡಾಡಲು ಹಳಿಯ ಒಳಮಗ್ಗುಲಲ್ಲಿ ಕಾಲುವೆ ಬೇಕು. ಅಗಲ 1.5ರಿಂದ 2 ಮಿ.ಮೀ., ಆಳ 2 ಮಿ.ಮೀ. ಕಾಲುವೆ ಕಿರಿದಾದರೆ ವ್ಯಾಗನ್ ಹಳಿ ತಪ್ಪುತ್ತದೆ, ಅಗಲವಾದರೆ ಟ್ರಾಮಿನ ಹಳಿಯ ಚೆಲುವು ಹೋಗುತ್ತದೆ.

ಹೀಗೆ ಮಾಡಿ. ಒಂದು ಸಲಕ್ಕೆ 150 ಮಿ.ಮೀ. ಉದ್ದ ಮಾತ್ರ. ಸ್ಲೀಪರ್‌ಗಳ ಮೇಲೆ ಗೋಂದು ಬಳಿಯಿರಿ. ಪ್ಲಾಸ್ಟಿಕ್ ಪಟ್ಟಿಗೆ ಒಂದು ಹನಿ ಎಣ್ಣೆ ಸವರಿ ಎರಡೂ ಹಳಿಯ ಒಳಮಗ್ಗುಲಿಗೆ ಒತ್ತಿ ನಿಲ್ಲಿಸಿ. ನಡುವೆ ಕ್ಲೇ ತುಂಬಿ, ಒದ್ದೆ ಬೆರಳಿನಿಂದ ಸಮ ಮಾಡಿ. ಮೇಲ್ಮೈ ಹಳಿಗಿಂತ ಒಂದು ಕೂದಲೆಳೆ ಕೆಳಗೇ ಇರಲಿ. ಇಲ್ಲದಿದ್ದರೆ ಮುಂದೆ ಹಳಿ ಒರೆಸುವಾಗಲೆಲ್ಲ ಕಲ್ಲಿನ ಬಣ್ಣವೂ ಎದ್ದು ಬರುತ್ತದೆ. ಕ್ಲೇ ಚಪಾತಿ ಹಿಟ್ಟಿನ ಮೆದುತನ ಬಿಟ್ಟು ಗಟ್ಟಿ ಬೆಲ್ಲದ ಹದಕ್ಕೆ ಬಂದಾಗ ಪಟ್ಟಿಗಳನ್ನು ಮೇಲಕ್ಕೆ ನಿಧಾನ ಎಳೆಯಿರಿ. ಕಾಲುವೆ ಚೊಕ್ಕವಾಗಿ ನಿಂತಿರುತ್ತದೆ. ತಕ್ಷಣ ಒಂದು ವ್ಯಾಗನ್ನನ್ನು ಕೈಯಿಂದಲೇ ನಾಲ್ಕು ಸಲ ಓಡಿಸಿ. ಎಲ್ಲಿ ತಡೆಯುತ್ತದೋ ಅಲ್ಲಿ ಈಗಲೇ ಕೆರೆಯಿರಿ.

ಒಣಗುವಾಗ ಕ್ಲೇ ಕುಗ್ಗುತ್ತದೆ, ಬಿರುಕೂ ಬಿಡಬಹುದು. ಗಾಬರಿ ಬೇಡ. ಇನ್ನಷ್ಟು ಕ್ಲೇ ನೀರಲ್ಲಿ ಕಲಸಿ ತುಂಬಿ. ಎರಡು ದಿನ ಬಿಟ್ಟು, ಸ್ಯಾಂಡ್‌ಪೇಪರನ್ನು ಮರದ ತುಂಡಿಗೆ ಸುತ್ತಿ ಲಘುವಾಗಿ ಉಜ್ಜಿ. ಧೂಳನ್ನು ಆಗಿಂದಾಗ್ಗೆ ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಪಾಯಿಂಟ್ ಒಳಗೆ ಹೋದರೆ ಸಿಕ್ಕಿಕೊಳ್ಳುತ್ತದೆ.

ಕಲ್ಲಿನ ಗೆರೆ ಕೊರೆಯುವುದು ಪೂರ್ತಿ ಒಣಗಿದ ಮೇಲೆ. ಹಸಿಯಲ್ಲಿ ಕೊರೆದರೆ ಅಂಚು ಎದ್ದು ಮೆತ್ತಗಾಗುತ್ತದೆ. ನಿಜದ ಹಾಸುಗಲ್ಲು ಹೆಚ್ಚುಕಮ್ಮಿ 9 ಇಂಚು ಉದ್ದ, 4ರಿಂದ 5 ಇಂಚು ಅಗಲ. ನಮ್ಮ ಅಳತೆಗೆ 3 ಮಿ.ಮೀ. ಮತ್ತು 1.5 ಮಿ.ಮೀ. ಮೊದಲು ಹಳಿಗೆ ಅಡ್ಡಲಾಗಿ ಸಾಲು ಸಾಲು ಗೆರೆ ಎಳೆಯಿರಿ. ಆಮೇಲೆ ಇಟ್ಟಿಗೆ ಗೋಡೆಯ ಹಾಗೆ ಒಂದು ಬಿಟ್ಟು ಒಂದು ಸಂದು ಬರುವಂತೆ ಗೀರಿ. ಅಡ್ಡಗೆರೆಗೆ ಅಳತೆಪಟ್ಟಿ ಬಳಸಿ, ಸಂದುಗಳನ್ನು ಬರಿಗೈಯಲ್ಲೇ ಗೀರಿ. ಕೈ ನಡುಗಿದಷ್ಟೂ ಕಲ್ಲು ನಿಜ ಅನ್ನಿಸುತ್ತದೆ.

ಇಡೀ ಧಕ್ಕೆಗೆ ಹೀಗೆ ಗೀರಲು ಹೊರಟರೆ ಕಲ್ಲುಗಳ ಲೆಕ್ಕ ಸಾವಿರಗಟ್ಟಲೆ ಹೋಗುತ್ತದೆ. ಹಳಿಗಳ ನಡುವೆ ಮತ್ತು ಎರಡು ಪಕ್ಕದಲ್ಲಿ ಎರಡು ಬೆರಳಗಲ ಸಾಕು. ಉಳಿದ ಕಡೆ ದೊಡ್ಡ ಕಾಂಕ್ರೀಟ್ ಚಪ್ಪಡಿ, ಡಾಂಬರು, ಮಣ್ಣು ಬರಲಿ. ನಿಜದ ಧಕ್ಕೆಗಳೂ ಕಾಲಕಾಲಕ್ಕೆ ತೇಪೆ ಹಾಕಿಕೊಂಡೇ ಬಂದವು.

ಪಾಯಿಂಟ್‌ನ ಚಲಿಸುವ ನಾಲಿಗೆಯ ಹತ್ತಿರ ಕ್ಲೇ ತರಲೇಬೇಡಿ. ಅಲ್ಲಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಆಕಾರಕ್ಕೆ ಕತ್ತರಿಸಿ, ಹಲಗೆ ಹೊದಿಸಿದ ಹಾಗೆ ಗೀರಿ, ಅಂಟಿಸದೆ ಬರೀ ಕೂರಿಸಿ.

ಬಣ್ಣಕ್ಕೆ ಒಂದೇ ಬೂದು ಬಳಿದು ಕೂರಬೇಡಿ. ನಸುಗಂದು ಬೆರೆತ ಬೂದು ತಳಕ್ಕೆ. ಅಲ್ಲಲ್ಲಿ ಬಿಡಿ ಕಲ್ಲುಗಳಿಗೆ ನೀಲಿಬೂದು, ಕೆಂಗಂದು. ಒಣಗಿದ ಮೇಲೆ ನೀರಾದ ಕಪ್ಪುಕಂದು ಹರಿಸಿದರೆ ಸಂದುಗಳಲ್ಲಿ ನಿಲ್ಲುತ್ತದೆ. ಕೊನೆಗೆ ಬಹುತೇಕ ಒಣಗಿದ ಬ್ರಷ್‌ನಿಂದ ತಿಳಿಬೂದನ್ನು ಮೇಲೆ ಮೇಲೆ ಸವರಿ. ಹಳಿಯ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮತ್ತೊಮ್ಮೆ ಇಂಜಿನ್ ಓಡಿಸಿ.

ಧಕ್ಕೆಯ ಗೋಡೆ

ಫೋಮ್‌ನ ಮುಖಕ್ಕೆ ಕಲ್ಲಿನ ಉಬ್ಬಚ್ಚು ಇರುವ ಪ್ಲಾಸ್ಟಿಕ್ ಹಾಳೆ ಅಂಟಿಸಬಹುದು, ಇಲ್ಲವೇ ಫೋಮ್ ಮೇಲೇ ಪೆನ್ಸಿಲ್ ಒತ್ತಿ ಕಲ್ಲು ಬಿಡಿಸಬಹುದು. ಧಕ್ಕೆಯ ಕಲ್ಲು ಮನೆಗೋಡೆಯ ಕಲ್ಲಿಗಿಂತ ದೊಡ್ಡದು. ಮೇಲಿನ ಅಂಚಿನ ಸಾಲಂತೂ ಇನ್ನೂ ದಪ್ಪ. ಆ ಅಂಚಿಗೆ 12 ಮಿ.ಮೀ. ಅಗಲದ ಪಟ್ಟಿಯನ್ನು ಬೇರೆಯೇ ಕೂರಿಸಿ, ಮೂಲೆಗಳನ್ನು ಸ್ವಲ್ಪ ಸವೆಸಿ.

ಬಣ್ಣ ಹಚ್ಚುವ ಮುಂಚೆ ಒಂದು ತೀರ್ಮಾನ ಬೇಕು. ಇದು ಉಬ್ಬರ ಇಳಿತ ಇರುವ ಬಂದರೋ, ಅಥವಾ ಬಾಗಿಲು ಹಾಕಿ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟ ಕೊಳವೋ? ಇಂಗ್ಲೆಂಡಿನ ಬ್ರಿಸ್ಟಲ್‌ನ ತೇಲುಬಂದರು 1809ರಿಂದ ಎರಡನೆಯ ಬಗೆಯದು. ಅಂಥ ಕಡೆ ನೀರಿನ ಅಂಚಿಗೆ ಒಂದು ಸಣ್ಣ ಹಸಿರು ಗೆರೆ ಅಷ್ಟೇ. ಉಬ್ಬರವಿಳಿತದ ಬಂದರಾದರೆ ಗೋಡೆಯಲ್ಲಿ ಮೂರು ಪಟ್ಟಿ ಕಾಣುತ್ತದೆ: ಕೆಳಗೆ ಜಾರುವಂಥ ಕಪ್ಪುಹಸಿರು, ನಡುವೆ ಪಾಚಿಯ ಹಸಿರು, ಮೇಲೆ ಒಣಗಿದ ಬಿಳಿಚು ಕಲ್ಲು. ಪಟ್ಟಿಗಳ ನಡುವೆ ಗೆರೆ ಕೊಯ್ದ ಹಾಗೆ ಇರಬಾರದು, ಒಂದಕ್ಕೊಂದು ಕರಗಲಿ. 60 ಮಿ.ಮೀ. ಎತ್ತರದ ಗೋಡೆಗೆ ನನಗೆ ಇದೇ ಇಷ್ಟ, ಗೋಡೆಯೇ ಒಂದು ಚಿತ್ರ ಆಗುತ್ತದೆ.

ಗೋಡೆಗೆ ಮೇಲಿಂದ ಕೆಳಗೆ ಮರದ ದಿಮ್ಮಿ ನಿಲ್ಲಿಸಿ, ಹಡಗು ಉಜ್ಜದಂತೆ ತಡೆಯಲು. ಕಾಫಿ ಕಲಕುವ ಮರದ ಕಡ್ಡಿ ಸೀಳಿದರೆ ಆಯಿತು. ಒಂದು ಕಬ್ಬಿಣದ ಏಣಿ, ಒಂದೆರಡು ಬಳೆ, ನೇತಾಡುವ ಸರಪಳಿ. ಹಗ್ಗ ಬಿಗಿಯುವ ಗೂಟಗಳಿಗೆ ನಕಾಶೆಗೆ ಚುಚ್ಚುವ ದಪ್ಪತಲೆ ಪಿನ್ ಸಾಕು. ಕೆಲವು ಹಳೆಯ ಬಂದರುಗಳಲ್ಲಿ ಕೆಲಸ ಮುಗಿದ ಫಿರಂಗಿಯ ನಳಿಗೆಯನ್ನೇ ತಲೆಕೆಳಗಾಗಿ ನೆಟ್ಟು ಗೂಟ ಮಾಡುತ್ತಿದ್ದರು. ಅಂಥದ್ದೊಂದು ಮೂಲೆಯಲ್ಲಿ ಇರಲಿ.

ಗೋದಾಮುಗಳು ಹಿಂಬದಿಗೆ, ಮುಖ ಮಾತ್ರ. 60 ಮಿ.ಮೀ. ಆಳ ಇದ್ದರೆ ಪೂರ್ತಿ ಕಟ್ಟಡದ ಭಾಸ ಬರುತ್ತದೆ. ಎತ್ತರ ಒಂದೇ ಸಮ ಬೇಡ. ಎಡತುದಿಯ ಗೋದಾಮಿನ ಹಿಂದೆ ಇಂಜಿನ್ ಮರೆಯಾಗಿ ಬರುವಂತಿದ್ದರೆ ಲೇಔಟ್ ದೊಡ್ಡದು ಅನ್ನಿಸುತ್ತದೆ. ಕ್ರೇನ್ ಒಂದೇ ಸಾಕು. ಬ್ರಿಸ್ಟಲ್ ಧಕ್ಕೆಯಲ್ಲಿ 1951ರ ವಿದ್ಯುತ್ ಕ್ರೇನ್‌ಗಳು ಇವತ್ತಿಗೂ ನಿಂತಿವೆ. ಅವುಗಳ ಕಾಲ ಅಗಲಿಸಿದ ನಿಲುವನ್ನು ಚಿತ್ರಗಳಲ್ಲಿ ನೋಡಿಕೊಂಡು ಮಾಡಿ. ಕಾಲುಗಳ ನಡುವೆ ವ್ಯಾಗನ್ ದಾಟಬೇಕು, ಮೊದಲೇ ಅಳೆಯಿರಿ.

ನೀರು ಎಲ್ಲಕ್ಕೂ ಕೊನೆಗೆ

ಧೂಳು, ಕ್ಲೇ ಚೂರು, ಬಣ್ಣದ ಹನಿ ಎಲ್ಲ ಬೀಳುವುದು ಅಲ್ಲಿಗೇ. ಹಾಗಾಗಿ ನೀರು ಕೊನೆಗೆ.

ಸುರಿಯುವ ರೆಸಿನ್ ಆಳವಾಗಿ ಹೊಳೆಯುತ್ತದೆ, ನಿಜ. ಆದರೆ ಅದು ಕೂದಲಿನಷ್ಟು ಸಂದಿನಲ್ಲೂ ಇಳಿಯುತ್ತದೆ, ಗೋಡೆ ಹತ್ತುತ್ತದೆ, ದಪ್ಪ ಸುರಿದರೆ ಬಿಸಿಯೇರುತ್ತದೆ. ಒಂದು ರಾತ್ರಿ ಸುರಿದು ಮಲಗಿದೆ. ಬೆಳಿಗ್ಗೆ ಹಲಗೆಯ ಮೇಲಿದ್ದ ಸಮುದ್ರ ನೆಲಕ್ಕೆ ಇಳಿದಿತ್ತು. ಹಟ ಹಿಡಿದು ರೆಸಿನ್ನೇ ಬೇಕು ಅನ್ನುವವರು ಅಂಚುಗಳನ್ನೆಲ್ಲ ಸೀಲ್ ಮಾಡಿ, 2ರಿಂದ 3 ಮಿ.ಮೀ. ಪದರದಂತೆ ಸುರಿಯಿರಿ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ನನ್ನ ದಾರಿ ಬೇರೆ. ಬಂದರಿನ ನೀರು ಪಾರದರ್ಶಕ ಅಲ್ಲ. ಮಂಕು ಪಾಚಿಹಸಿರು, ಕಂದು, ಸ್ವಲ್ಪ ಕಪ್ಪು. ತಳ ಕಾಣದ ಮೇಲೆ ಆಳ ಯಾಕೆ? ತಳದ ಪ್ಲೈಗೆ ಪುಟ್ಟಿ ಹಚ್ಚಿ ಮರದ ಗೆರೆ ಮುಚ್ಚಿ. ಆ ಬಣ್ಣ ಬಳಿಯಿರಿ, ಗೋಡೆಯ ಬುಡದಲ್ಲಿ ಗಾಢ, ಹೊರಕ್ಕೆ ತುಸು ತಿಳಿ. ಅದರ ಮೇಲೆ ಹೊಳಪಿನ ಅಕ್ರಿಲಿಕ್ ಜೆಲ್ಲನ್ನು ಅಗಲ ಬ್ರಷ್‌ನಿಂದ ಕುಟ್ಟುತ್ತಾ ಹರಡಿ. ಪುಟ್ಟ ಪುಟ್ಟ ಅಲೆ ಏಳುತ್ತದೆ. ಹಾಲಿನಂತೆ ಬೆಳ್ಳಗೆ ಕಾಣುವ ಜೆಲ್ ಒಣಗಿದಾಗ ಗಾಜಿನಂತಾಗುತ್ತದೆ. ಮೇಲೆ ನಾಲ್ಕೈದು ಸಲ ಹೊಳಪು ವಾರ್ನಿಷ್. ದೊಡ್ಡ ಅಲೆ ಮಾಡಬೇಡಿ, ಧಕ್ಕೆಯೊಳಗಿನ ನೀರು ಸೋಮಾರಿ.

ದೋಣಿಯನ್ನು ಜೆಲ್ ಹಚ್ಚುವ ಮುಂಚೆಯೇ ಕೂರಿಸಿ, ನೀರಿನ ಮಟ್ಟಕ್ಕೆ ತಳ ಕತ್ತರಿಸಿ. ದೊಡ್ಡ ಹಡಗಿನ ಆಸೆ ಬಿಡಿ. 100 ಅಡಿಯ ಸಣ್ಣ ಸರಕು ಹಡಗೂ 400 ಮಿ.ಮೀ. ಆಗುತ್ತದೆ. ಸ್ಕಾಟ್‌ಲೆಂಡಿನ ‘ಕ್ಲೈಡ್ ಪಫರ್’ ಎಂಬ ಉಗಿದೋಣಿ ನಮಗೆ ಸರಿ. ಕಾಲುವೆಯ ಬಾಗಿಲುಗಳಲ್ಲಿ ಹಿಡಿಸಬೇಕೆಂದು ಅದನ್ನು 66 ಅಡಿಗೆ ನಿಲ್ಲಿಸಿದ್ದರು. ಮಾದರಿಯಲ್ಲಿ 264 ಮಿ.ಮೀ. ನಮ್ಮ 600 ಮಿ.ಮೀ. ಕೊಳದಲ್ಲಿ ಅದು ನಿಂತ ಮೇಲೂ ನೀರು ಕಾಣುತ್ತದೆ. ಹಗ್ಗಕ್ಕೆ ಹೊಲಿಗೆ ದಾರವನ್ನು ಜೇನುಮೇಣದ ಮೇಲೆ ಎಳೆದರೆ ಜುಂಗು ಹೋಗುತ್ತದೆ. ಕಟ್ಟಿದ ಮೇಲೆ ಸ್ವಲ್ಪ ಜೋಲು ಬಿಟ್ಟು, ನೀರಾದ ಗೋಂದು ಸವರಿ ಹಾಗೇ ನಿಲ್ಲಿಸಿ. ಉಬ್ಬರವಿಳಿತದ ಬಂದರಿನಲ್ಲಿ ಹಗ್ಗ ಬಿಗಿದು ಕಟ್ಟುವ ನಾವಿಕ ಇಲ್ಲ.

ಇನ್ನು ಆಟ

ಎಂಟು ವ್ಯಾಗನ್, ಎಂಟು ಕಾರ್ಡ್. ಕಾರ್ಡ್ ಕಲಸಿ ಐದನ್ನು ಎತ್ತಿ. ಅದೇ ಕ್ರಮದಲ್ಲಿ ಐದು ವ್ಯಾಗನ್ ಉದ್ದದ ಸೈಡಿಂಗ್‌ನಲ್ಲಿ ಜೋಡಿಸಬೇಕು. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಎಳೆದಾಡಲು ಜಾಗ ಇಲ್ಲ, ಅದೇ ಗಮ್ಮತ್ತು. ಎಂಟರಲ್ಲಿ ಐದನ್ನು ಕ್ರಮವಾಗಿ ಜೋಡಿಸಲು 6720 ಬಗೆ ಇವೆ. ವೇಗದ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬೇಡಿ. ಮತ್ತೆ, ಮೊದಲು ಬೇಕಾದ ವ್ಯಾಗನ್ ಯಾವತ್ತೂ ಒಳಗಿನ ಸೈಡಿಂಗ್‌ನ ತುದಿಯಲ್ಲೇ, ಇನ್ನೆರಡರ ಹಿಂದೆ ನಿಂತಿರುತ್ತದೆ.